ಹಗುರ ಸೇನಾ ಹೊದಿಕೆ ಹೊದ್ದರೂ ಚಳಿ ಬಿಡಲಿಲ್ಲವೇಕೆ?

ಪ್ರಶ್ನೆ: ಸೇನೆಯವರು ಬಳಸುವ ಮಾದರಿಯ ಹಗುರ ಹೊದಿಕೆಯೊಂದನ್ನು ಕೊಂಡಿದ್ದೇನೆ. ಎರಡು ನೈಲಾನ್ ಬಟ್ಟೆಗಳ ನಡುವೆ ಪಾಲಿಯೆಸ್ಟರ್ ನಾರು ತುಂಬಿ, ಅಡ್ಡಾದಿಡ್ಡಿ ಹೊಲಿಗೆ ಹಾಕಿದ್ದಾರೆ. ಮನೆಯಲ್ಲಿ ಹೊದ್ದರೆ ಬೆವರುವಷ್ಟು ಬೆಚ್ಚಗಿರುತ್ತದೆ. ಆದರೆ ಬೆಟ್ಟದ ಮೇಲೆ ಬಯಲಿನಲ್ಲಿ ಮಲಗಿದ ರಾತ್ರಿ, ಉಷ್ಣಾಂಶ 11 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದರೂ, ನಡುರಾತ್ರಿಯ ನಂತರ ನಿದ್ದೆ ಹತ್ತಲಿಲ್ಲ. ಹಾಸಲು ಬೇರೇನೂ ಇರಲಿಲ್ಲವಾದ್ದರಿಂದ ಅರ್ಧ ಕೆಳಗೆ ಹಾಸಿ ಅರ್ಧ ಹೊದ್ದಿದ್ದೆ. ಬೆಳಗಾಗುವ ಹೊತ್ತಿಗೆ ಹೊದಿಕೆಯ ಮೇಲೆಲ್ಲ ತೇವ. ಉಣ್ಣೆ ಕಂಬಳಿ ತರಬೇಕಿತ್ತು ಎಂದು ಜೊತೆಗಿದ್ದ ಒಬ್ಬರು ಹೇಳಿದರು. ಬೆಳ್ಳಿಬಣ್ಣದ ತುರ್ತು ಹಾಳೆಯೊಂದಿದ್ದರೆ ಸಾಕಿತ್ತು ಎಂದರು ಇನ್ನೊಬ್ಬರು. ನನ್ನ ಹೊದಿಕೆ ಕಳಪೆಯೇ? ಎಷ್ಟು ಚಳಿಯವರೆಗೆ ಇದನ್ನು ನಂಬಬಹುದು?

ಉತ್ತರ: ಹೊದಿಕೆ ಕಳಪೆಯಲ್ಲ. ಅರ್ಧ ಕೆಳಗೆ ಹಾಸಿ ಅರ್ಧ ಹೊದ್ದೆ ಎಂದು ಬರೆದಿದ್ದೀರಲ್ಲ, ನಿಮ್ಮ ನಿದ್ದೆ ಕೆಟ್ಟಿದ್ದು ಮುಖ್ಯವಾಗಿ ಅಲ್ಲಿ. ಉಳಿದ ಕೆಲಸವನ್ನು ಗಾಳಿಯೂ ಇಬ್ಬನಿಯೂ ಸೇರಿ ಮುಗಿಸಿವೆ. ಈ ಹೊದಿಕೆ ಒಂಟಿಯಾಗಿ ದುಡಿಯಲೆಂದು ಹುಟ್ಟಿದ್ದೇ ಅಲ್ಲ. ಮೇಲೆ ಗಾಳಿಯನ್ನು ತಡೆಯುವ ಒಂದು ಪದರ, ಕೆಳಗೆ ನೆಲದ ತಣ್ಪನ್ನು ತಡೆಯುವ ಒಂದು ಪದರ ಇದ್ದಾಗ ನಡುವಿನ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ. ಆ ಎರಡನ್ನೂ ಬಿಟ್ಟು ನಡುವಿನದನ್ನಷ್ಟೇ ಬೆಟ್ಟಕ್ಕೆ ಕರೆದೊಯ್ದಿದ್ದೀರಿ.

ಇದು ನನ್ನ ಊಹೆಯಲ್ಲ. ನಿಮ್ಮ ಹೊದಿಕೆಯನ್ನೇ ಬಿಚ್ಚಿ ನೋಡಿ. ಸೇನೆಯ ಮಾದರಿಯನ್ನು ನಿಷ್ಠೆಯಿಂದ ಅನುಸರಿಸಿದ್ದರೆ ನಾಲ್ಕು ಮೂಲೆಗಳಲ್ಲೂ ಅಂಚುಗಳ ನಡುವೆಯೂ ಸಣ್ಣ ದಾರಗಳನ್ನು ಹೊಲಿದಿರುತ್ತಾರೆ. ಅಲಂಕಾರಕ್ಕೆ ಇಟ್ಟವಲ್ಲ ಅವು. ಈ ಹೊದಿಕೆಯ ಮೂಲ ಅಮೆರಿಕದ ಸೇನೆ. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ದಿನಗಳಲ್ಲಿ, ಇದು ಸೈನಿಕರ ಕೈಗೆ ಬಂತು. ಮಳೆಕಾಡಿನಲ್ಲಿ ಉಣ್ಣೆ ಕಂಬಳಿ ಒಮ್ಮೆ ನೆನೆದರೆ ಹೊರಲು ಭಾರ, ಒಣಗಿಸಲು ಬಿಸಿಲಿಲ್ಲ. ಮಳೆಗೆ ಹಾಕಿಕೊಳ್ಳುವ ಪೊಂಚೊ, ಅಂದರೆ ನಡುವೆ ಟೋಪಿಯಿರುವ ಅಗಲ ಹಾಳೆಯಂಥ ಮಳೆಯಂಗಿ, ಹೇಗೂ ಸೈನಿಕನ ಬಳಿ ಇತ್ತು. ಅದರ ಅಂಚಿನ ತೂತುಗಳಿಗೆ ಒಳಗಿನಿಂದ ಕಟ್ಟಿಕೊಳ್ಳಬಹುದಾದ, ಹಿಂಡಿ ಕೊಡವಿದರೆ ಬೇಗ ಒಣಗುವ ಬೆಚ್ಚನೆಯ ಪದರವೊಂದು ಬೇಕಿತ್ತು. ಆ ಅಗತ್ಯದಿಂದ ಬಂದದ್ದು ಇದು. ಸುಮಾರು 210 ಸೆಂಟಿಮೀಟರ್ ಉದ್ದ, 155 ಸೆಂಟಿಮೀಟರ್ ಅಗಲ, ತೂಕ ಮುಕ್ಕಾಲು ಕಿಲೋ ಒಳಗೆ. ಸೈನಿಕರು ಇದಕ್ಕೆ 'ವೂಬಿ' ಎಂಬ ಮುದ್ದಿನ ಹೆಸರಿಟ್ಟುಕೊಂಡಿದ್ದಾರೆ. ಸೇನೆ ಬಿಟ್ಟ ಮೇಲೂ ಅದನ್ನು ಕೈಬಿಡದವರು ಬಹಳ. ಆ ಪ್ರೀತಿಯ ಕಥೆಗಳನ್ನು ಓದಿದವರು ಹೊದಿಕೆಯಲ್ಲಿ ಏನೋ ಮಾಯೆಯಿದೆ ಎಂದುಕೊಳ್ಳುತ್ತಾರೆ. ಆದರೆ ಆ ಸೈನಿಕ ಪೂರ್ತಿ ಬಟ್ಟೆ ತೊಟ್ಟು, ಮೇಲೆ ಪೊಂಚೊ ಬಿಗಿದು ಮಲಗುತ್ತಿದ್ದ ಎಂಬ ಭಾಗ ಮಾತ್ರ ಆ ಕಥೆಗಳಲ್ಲಿ ಹಿಂದಕ್ಕೆ ಸರಿದುಬಿಡುತ್ತದೆ.

ಮನೆಯಲ್ಲಿ ಬೆವರು, ಬೆಟ್ಟದಲ್ಲಿ ನಡುಕ. ಈ ವ್ಯತ್ಯಾಸಕ್ಕೆ ಕಾರಣ ತಿಳಿದರೆ ಮುಂದಿನದೆಲ್ಲ ಸುಲಭ. ಹೊದಿಕೆಗೆ ಸ್ವಂತ ಶಾಖವಿಲ್ಲ. ಶಾಖ ಹುಟ್ಟುವುದು ನಿಮ್ಮ ಮೈಯಲ್ಲಿ. ನಿದ್ದೆಯಲ್ಲಿರುವ ವಯಸ್ಕರ ದೇಹ ಸುಮಾರು 70ರಿಂದ 80 ವಾಟ್‌ನಷ್ಟು ಶಾಖ ಹೊಮ್ಮಿಸುತ್ತದೆ, ಒಂದು ಹಳೆಯ ಕಾಲದ ಬಲ್ಬಿನಷ್ಟು. ಆ ಶಾಖ ಎಷ್ಟು ನಿಧಾನವಾಗಿ ಹೊರಹೋಗುತ್ತದೆ ಎಂಬುದಷ್ಟೇ ಹೊದಿಕೆಯ ಕೈಯಲ್ಲಿರುವುದು. ಅದನ್ನೂ ಮಾಡುವುದು ಪಾಲಿಯೆಸ್ಟರ್ ನಾರಲ್ಲ, ನಾರುಗಳ ನಡುವೆ ಅಲುಗಾಡದೆ ನಿಂತ ಗಾಳಿ. ನಿಂತ ಗಾಳಿ ಶಾಖವನ್ನು ಬಹಳ ಕಷ್ಟಪಟ್ಟು ಸಾಗಿಸುತ್ತದೆ. ನೀರು ಅದರ ಸುಮಾರು 25 ಪಟ್ಟು ಸಲೀಸಾಗಿ ಸಾಗಿಸುತ್ತದೆ. ಹಾಗಾಗಿ ಗಾಳಿ ನಿಂತಲ್ಲಿ ನಿಂತಿರಬೇಕು, ಅದರ ಜಾಗಕ್ಕೆ ನೀರು ಬರಬಾರದು. ಮನೆಯಲ್ಲಿ ನಿಮ್ಮ ಕೆಳಗೆ ದಪ್ಪ ಹಾಸಿಗೆ ಇತ್ತು, ಸುತ್ತ ಗೋಡೆಗಳಿದ್ದವು, ತಲೆಯ ಮೇಲೆ ಸೂರು ಇತ್ತು. ಕೆಲಸದ ಬಹುಪಾಲನ್ನು ಅವು ಮಾಡಿದವು, ಹೆಸರು ಹೊದಿಕೆಗೆ ಬಂತು.

ಈಗ ನೆಲದ ವಿಷಯ. ಅನುಭವವಿಲ್ಲದವರು ಅತಿ ಕಡಿಮೆ ಗಮನ ಕೊಡುವುದು ಇದಕ್ಕೇ, ಅತಿ ಹೆಚ್ಚು ಪೆಟ್ಟು ತಿನ್ನುವುದೂ ಇಲ್ಲೇ. ಮಲಗಿದಾಗ ಬೆನ್ನು, ಪೃಷ್ಠ, ಹೆಗಲುಗಳ ಭಾರ ಕೆಳಗಿನ ಪದರವನ್ನು ಅಮುಕಿ ಹಪ್ಪಳ ಮಾಡುತ್ತದೆ. ಅಮುಕಿದ ನಾರಿನಲ್ಲಿ ಗಾಳಿ ಉಳಿಯುವುದಿಲ್ಲ, ಗಾಳಿಯಿಲ್ಲದ ಮೇಲೆ ತಡೆಯೂ ಇಲ್ಲ. ನೀವು ಕೆಳಗೆ ಹಾಸಿದ್ದ ಅರ್ಧ ಭಾಗ ನಿಮಗೂ ನೆಲಕ್ಕೂ ನಡುವೆ ಎರಡು ತೆಳು ನೈಲಾನ್ ಬಟ್ಟೆಯಾಗಿ ಉಳಿದಿತ್ತು, ಅಷ್ಟೆ. ನೆಲ ಎಷ್ಟು ಶಾಖ ಹೀರಿದರೂ ತಾನು ಬಿಸಿಯಾಗುವುದಿಲ್ಲ. ರಾತ್ರಿಯಿಡೀ ಹೀರುತ್ತಲೇ ಇರುತ್ತದೆ. ಹಾಸಿದ್ದರಿಂದ ಇನ್ನೊಂದು ನಷ್ಟವೂ ಆಯಿತು. ಹೊದೆಯಲು ಉಳಿದ ಭಾಗ ಕಿರಿದಾಯಿತು, ಮಗ್ಗುಲು ಬದಲಿಸಿದಾಗಲೆಲ್ಲ ಒಂದು ಬದಿ ತೆರೆದುಕೊಂಡಿತು.

ಮಲಗುವ ಚಾಪೆಗಳ ಶಾಖತಡೆಯನ್ನು 'ಆರ್ ಮೌಲ್ಯ' ಎಂಬ ಅಂಕಿಯಲ್ಲಿ ಹೇಳುತ್ತಾರೆ. 2018ರಲ್ಲಿ ಇದನ್ನು ಅಳೆಯಲು ಎಎಸ್‌ಟಿಎಂ ಎಫ್3340 ಎಂಬ ಒಂದೇ ಮಾನದಂಡ ಬಂದ ಮೇಲೆ ಬೇರೆಬೇರೆ ಕಂಪನಿಗಳ ಚಾಪೆಗಳನ್ನು ಹೋಲಿಸುವುದು ಸಾಧ್ಯವಾಯಿತು. ಅಂಕಿ ಹೆಚ್ಚಾದಷ್ಟೂ ಬೆಚ್ಚಗೆ. ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡಿಕೊಳ್ಳುತ್ತವೆ ಎಂಬುದು ಇದರಲ್ಲಿರುವ ಅನುಕೂಲ. ಸುರುಳಿ ಸುತ್ತುವ ಅಥವಾ ಮಡಚುವ ಮಾಮೂಲಿ ಫೋಮ್ ಚಾಪೆಗೆ ಸುಮಾರು 2 ಇರುತ್ತದೆ, ನೀವು ಹೇಳಿದಂಥ 11 ಡಿಗ್ರಿಯ ರಾತ್ರಿಗೆ ಅದು ಸಾಕು. ಗಾಳಿ ಊದುವ ಚಾಪೆ ದಪ್ಪವಾಗಿ ಕಂಡರೂ ಒಳಗೆ ನಾರು ಅಥವಾ ಪ್ರತಿಫಲಿಸುವ ಪದರ ಇಲ್ಲದಿದ್ದರೆ ಅಂಕಿ ಕಡಿಮೆ, ಏಕೆಂದರೆ ದೊಡ್ಡ ಖಾಲಿ ಜಾಗದೊಳಗಿನ ಗಾಳಿ ತಾನೇ ಸುತ್ತಾಡುತ್ತ ಶಾಖವನ್ನು ಮೇಲಿನಿಂದ ಕೆಳಗೆ ಸಾಗಿಸುತ್ತದೆ. ಜೊತೆಗೆ ಅದಕ್ಕೆ ಮುಳ್ಳಿನ ಭಯ. ಫೋಮ್ ಚಾಪೆಗೆ ಮುಳ್ಳು ಚುಚ್ಚಿದರೂ ಏನೂ ಆಗುವುದಿಲ್ಲ. ಹೊಸಬರಿಗೆ ನಾನು ಯಾವಾಗಲೂ ಹೇಳುವುದು ಫೋಮ್ ಚಾಪೆಯನ್ನೇ.

ಚಾಪೆಯಿಲ್ಲದೆ ರಾತ್ರಿ ಕಳೆಯಬೇಕಾಗಿ ಬಂದರೆ ಒಣ ಹುಲ್ಲು, ಒಣ ತರಗೆಲೆ ಬೇಕಾದಷ್ಟು ಸೇರಿಸಿ ಹಾಸಿ. 'ಬೇಕಾದಷ್ಟು' ಎಂಬುದನ್ನು ಜನ ಬಹಳ ಕಡಿಮೆ ಅಂದಾಜು ಮಾಡುತ್ತಾರೆ. ಮೇಲೆ ಮಲಗಿ ಅಮುಕಿದ ಮೇಲೂ ಒಂದು ಅಂಗೈ ಅಗಲದಷ್ಟು ದಪ್ಪ ಉಳಿಯಬೇಕು, ಹಾಗಾಗಿ ಮೊದಲಿಗೆ ಮೊಣಕಾಲೆತ್ತರ ಒಟ್ಟಿದರೂ ಹೆಚ್ಚೇನಲ್ಲ. ಒಟ್ಟುವ ಮುನ್ನ ಕೋಲಿನಿಂದ ಕೆದಕಿ ನೋಡಿ. ತರಗೆಲೆ ನಿಮಗಿಂತ ಮೊದಲೇ ಯಾರದೋ ಮನೆಯಾಗಿರಬಹುದು. ಖಾಲಿ ಮಾಡಿದ ಬೆನ್ನುಚೀಲ, ಹಗ್ಗದ ಸುರುಳಿ, ತೊಡದೆ ಉಳಿದ ಬಟ್ಟೆ, ಎಲ್ಲವನ್ನೂ ಹೆಗಲಿನಿಂದ ಸೊಂಟದವರೆಗೆ ಹಾಸಿಕೊಳ್ಳಿ. ಕಾಲಿಗೆ ಕಡಿಮೆಯಾದರೆ ಸಹಿಸಬಹುದು, ಮುಂಡಕ್ಕೆ ಕಡಿಮೆಯಾಗಬಾರದು. ಹೊದಿಕೆಯನ್ನು ಮಾತ್ರ ಕೆಳಗೆ ಹಾಸಬೇಡಿ. ಅದು ಪೂರ್ತಿಯಾಗಿ ಮೈಮೇಲಿರಲಿ.

ಹ್ಯಾಮಕ್‌ನಲ್ಲಿ, ಅಂದರೆ ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆಯಲ್ಲಿ, ಮಲಗುವವರು ನೆಲದಿಂದ ಪಾರಾದೆವು ಎಂದುಕೊಳ್ಳುವುದುಂಟು. ಅಲ್ಲಿ ನೆಲದ ಬದಲು ಗಾಳಿ ಬೆನ್ನ ಕೆಳಗಿನಿಂದ ಹಾಯುತ್ತದೆ, ಅದು ಇನ್ನೂ ಕೆಟ್ಟದ್ದು. ಹೊದಿಕೆಯನ್ನು ಹ್ಯಾಮಕ್‌ನ ಒಳಗೆ ಹಾಸಿದರೆ ಮತ್ತೆ ಅಮುಕಿ ವ್ಯರ್ಥವಾಗುತ್ತದೆ. ಅದರ ದಾರಗಳನ್ನೇ ಬಳಸಿ ಹ್ಯಾಮಕ್‌ನ ಹೊರಗೆ, ಅಡಿಭಾಗಕ್ಕೆ ತಾಗಿಯೂ ತಾಗದಂತೆ ತೂಗುಹಾಕಿ. ನಾರು ಉಬ್ಬಿಯೇ ಉಳಿಯುತ್ತದೆ. ಹ್ಯಾಮಕ್‌ಗೆ ಈ ಹೊದಿಕೆ ಹೇಳಿ ಮಾಡಿಸಿದಂತಿದೆ, ಆದರೆ ಮೇಲೆ ಹೊದೆಯಲು ಇನ್ನೊಂದು ಬೇಕು.

ಇನ್ನು ಗಾಳಿ. ನಿಮ್ಮ ಹೊದಿಕೆಯ ನೈಲಾನ್ ಬಟ್ಟೆ ಗಾಳಿಯನ್ನು ಅಷ್ಟಿಷ್ಟು ತಡೆಯುತ್ತದೆ, ಆದರೆ ಹೊಲಿಗೆಯ ಸಾಲುಗಳಲ್ಲಿ ನಾರು ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಾಗಿರುತ್ತದೆ; ಬೀಸುಗಾಳಿ ಹೊದಿಕೆಯನ್ನು ಮೈಗೆ ಒತ್ತಿ ಇದ್ದ ದಪ್ಪವನ್ನೂ ಕಳೆಯುತ್ತದೆ; ಅಂಚುಗಳಂತೂ ಎದ್ದೆದ್ದು ಹಾರುತ್ತವೆ. ಮೈ ಬಿಸಿ ಮಾಡಿಕೊಂಡ ಗಾಳಿ ಪ್ರತಿ ಬಾರಿ ಅಂಚು ಎದ್ದಾಗಲೂ ಹೊರಗೆ ಹೋಗುತ್ತದೆ, ದೇಹ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಗಾಳಿಯ ಏಟು ಎಷ್ಟೆಂದು ತಿಳಿಯಲು ಹವಾಮಾನ ಇಲಾಖೆಗಳು ಬಳಸುವ ಗಾಳಿಚಳಿಯ ಸೂತ್ರವೊಂದಿದೆ. ಇದರ ಮೂಲ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅವರು ಅಂಟಾರ್ಕ್ಟಿಕಾದಲ್ಲಿ ನಡೆಸಿದ ಪ್ರಯೋಗಗಳು. ಈಗ ಬಳಕೆಯಲ್ಲಿರುವ ರೂಪ 2001ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಿಕೊಂಡದ್ದು. ಆ ಲೆಕ್ಕದಲ್ಲಿ 5 ಡಿಗ್ರಿ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಮುಖಕ್ಕೆ ಅದು 0 ಡಿಗ್ರಿಯಷ್ಟು ಚಳಿ. ಹೊದ್ದ ಮೈಗೆ ಈ ಅಂಕಿ ನೇರವಾಗಿ ಹೊಂದುವುದಿಲ್ಲ, ಆದರೂ ಅಂಚು ಸರಿದಲ್ಲೆಲ್ಲ ನಿಮ್ಮ ಪಾಡು ಇದೇ.

ಆದ್ದರಿಂದ ಗಾಳಿ ತಡೆಯುವ ಪದರ ಬೇಕು. ಪೊಂಚೊ ಇದ್ದರೆ ಎರಡು ದಾರಿಗಳಿವೆ. ಮೊದಲನೆಯದು ಸೇನೆಯದು: ಹೊದಿಕೆಯ ದಾರಗಳನ್ನು ಪೊಂಚೊದ ತೂತುಗಳಿಗೆ ಕಟ್ಟಿ, ಉದ್ದಕ್ಕೆ ಮಡಚಿ, ಪಕ್ಕದ ಗುಂಡಿಗಳನ್ನು ಹಾಕಿ ಚೀಲದಂತೆ ಮಾಡಿ ಒಳಗೆ ತೂರಿಕೊಳ್ಳುವುದು. ಟೋಪಿಯ ಕುತ್ತಿಗೆಯನ್ನು ಮೊದಲೇ ಬಿಗಿದು ಕಟ್ಟಬೇಕು, ಇಲ್ಲದಿದ್ದರೆ ಅದೊಂದು ಕಿಟಕಿ. ಗಾಳಿಗೂ ಹನಿಮಳೆಗೂ ಇದು ಒಳ್ಳೆಯದು. ಆದರೆ ಪೊಂಚೊದ ಬಟ್ಟೆ ನೀರನ್ನು ಒಳಗೆ ಬಿಡದಂತೆಯೇ ಆವಿಯನ್ನು ಹೊರಗೂ ಬಿಡುವುದಿಲ್ಲ. ಚರ್ಮ ಮತ್ತು ಉಸಿರಿನಿಂದ ಒಂದು ರಾತ್ರಿಯಲ್ಲಿ ಬೆವರದೆಯೇ ಸುಮಾರು ಕಾಲು ಲೀಟರ್ ನೀರು ಆವಿಯಾಗುತ್ತದೆ. ಚರ್ಮದಿಂದ ಹೊರಟದ್ದರಲ್ಲಿ ಬಹುಪಾಲು ಪೊಂಚೊದ ಒಳಮೈಗೆ ತಾಗಿ ಹನಿಗಟ್ಟಿ ಹೊದಿಕೆಗೇ ಇಳಿಯುತ್ತದೆ. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ಪೊಂಚೊ ಅಥವಾ ಟಾರ್ಪಾಲಿನ್ ಅನ್ನು ಮೈಗೆ ಸುತ್ತದೆ, ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೆ ಬಡಿದು ಇನ್ನೊಂದು ಕಡೆಯನ್ನು ಮೇಲೆತ್ತಿ ಕಟ್ಟಿ, ತಗ್ಗಾದ ಇಳಿಜಾರು ಸೂರು ಮಾಡಿಕೊಳ್ಳುವುದು. ಗಾಳಿ ನಿಲ್ಲುತ್ತದೆ, ಆವಿ ಹೋಗುತ್ತದೆ. ಸೂರು ಎತ್ತರವಾದಷ್ಟೂ ಪ್ರಯೋಜನ ಕಡಿಮೆ, ಎದ್ದು ಕುಳಿತರೆ ತಲೆ ತಾಗುವಷ್ಟು ತಗ್ಗಿರಲಿ.

ಈ ಸೂರು ಇಬ್ಬನಿಯನ್ನೂ ತಡೆಯುತ್ತದೆ. ಬೆಳಗ್ಗೆ ಹೊದಿಕೆ ತೇವವಾಗಿದ್ದಕ್ಕೆ ನೀವು ಬಟ್ಟೆಯನ್ನು ಅನುಮಾನಿಸಿರಬೇಕು. ಮೋಡವಿಲ್ಲದ ರಾತ್ರಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಮೇಲಕ್ಕೆ ಸೂಸುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹೊದಿಕೆಯ ಮೇಲ್ಮೈ ಹಾಗೆ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ನಕ್ಷತ್ರ ನೋಡುತ್ತ ಮಲಗುವ ಸುಖಕ್ಕೆ ತೆರಬೇಕಾದ ಬೆಲೆ ಇದು. ತಲೆಯ ಮೇಲೆ ತೆಳುವಾದ ಬಟ್ಟೆಯೊಂದಿದ್ದರೂ, ದಟ್ಟ ಎಲೆಯ ಮರದ ಕೆಳಗಿದ್ದರೂ ಈ ನಷ್ಟ ಬಹಳ ಕಡಿಮೆಯಾಗುತ್ತದೆ; ಮರವನ್ನು ಆರಿಸುವಾಗ ಒಣಗಿದ ಕೊಂಬೆ ಮೇಲಿಲ್ಲವೆಂದು ಖಚಿತಪಡಿಸಿಕೊಳ್ಳಿ. ಜಾಗದ ಆಯ್ಕೆಯೂ ಇಲ್ಲೇ ಬರುತ್ತದೆ. ತಣ್ಣನೆಯ ಗಾಳಿ ಭಾರ, ರಾತ್ರಿ ಅದು ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ, ತೊರೆಯ ಪಕ್ಕದಲ್ಲಿ ಮಡುಗಟ್ಟುತ್ತದೆ. ನೆತ್ತಿಯಲ್ಲಿ ಗಾಳಿಯ ಕಾಟ. ಎರಡಕ್ಕೂ ನಡುವೆ, ತಳದಿಂದ ಸ್ವಲ್ಪ ಮೇಲೆ, ಬಂಡೆಯ ಅಥವಾ ಪೊದೆಯ ಮರೆಯಲ್ಲಿ ಮಲಗಿದರೆ ಹೊದಿಕೆಗೆ ಏನೂ ಸೇರಿಸದೆಯೇ ಹಲವು ಡಿಗ್ರಿ ಗಳಿಸಬಹುದು.

ಮುಖವನ್ನು ಹೊದಿಕೆಯೊಳಗೆ ಎಳೆದುಕೊಂಡು ಉಸಿರಾಡುವ ಅಭ್ಯಾಸ ನಿಮಗಿದ್ದರೆ ಬಿಡಿ. ಹತ್ತು ನಿಮಿಷ ಹಿತವೆನಿಸುತ್ತದೆ, ಬೆಳಗಿನ ಜಾವಕ್ಕೆ ಎದೆಯ ಮೇಲಿನ ನಾರೆಲ್ಲ ತೇವ. ಮೂಗು, ಬಾಯಿ ಹೊರಗಿರಲಿ, ಕುತ್ತಿಗೆಯ ಸುತ್ತ ಬಟ್ಟೆ ಸುತ್ತಿ.

ಈಗ ನಿಮ್ಮ ಜೊತೆಗಾರರ ಸಲಹೆಗಳು. ಉಣ್ಣೆಯನ್ನು ಹಳಿಯುವವನು ನಾನಲ್ಲ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ನಾರಿನೊಳಗೆ ಸೇರಿಸಿಕೊಂಡೂ ಅದು ಕೈಗೆ ಒದ್ದೆ ಎನಿಸುವುದಿಲ್ಲ. ಬೆಂಕಿಯ ಕಿಡಿ ಬಿದ್ದರೆ ಉಣ್ಣೆ ಕರಕಾಗುತ್ತದೆ, ಕರಗುವುದಿಲ್ಲ. ನಿಮ್ಮ ನೈಲಾನ್ ಕರಗುತ್ತದೆ. ಒಂದೊಂದು ಕಿಡಿಗೂ ಒಂದೊಂದು ತೂತು, ಹೊತ್ತಿಕೊಂಡರೆ ಕರಗಿದ ಬಟ್ಟೆ ಚರ್ಮಕ್ಕೆ ಅಂಟುತ್ತದೆ. ಹಾಗಾಗಿ ಇದನ್ನು ಹೊದ್ದು ಬೆಂಕಿಯ ಪಕ್ಕ ಮಲಗುವ ಯೋಚನೆಯೇ ಬೇಡ. ವಾಹನದಲ್ಲಿ ಹೋಗಿ ಬೆಂಕಿಯ ಸುತ್ತ ಕೂರುವ ರಾತ್ರಿಗೆ ಉಣ್ಣೆಯೇ ಸರಿ. ಆದರೆ ಬೆನ್ನ ಮೇಲೆ ಹೊತ್ತು ಏರುವಾಗ ಸೇನೆಯ ಉಣ್ಣೆ ಕಂಬಳಿಯ ತೂಕ ನಿಮ್ಮ ಹೊದಿಕೆಯ ಎರಡು ಪಟ್ಟಿಗೂ ಹೆಚ್ಚು. ಆ ಹೆಚ್ಚುವರಿ ತೂಕದಲ್ಲಿ ಒಂದು ಫೋಮ್ ಚಾಪೆಯೂ ಒಂದು ಸಣ್ಣ ಟಾರ್ಪಾಲಿನ್ನೂ ಬರುತ್ತವೆ, ಬರಿ ನೆಲದ ಮೇಲೆ ಹೊದ್ದ ಉಣ್ಣೆಗಿಂತ ಆ ಜೋಡಿ ಬೆಚ್ಚಗೆ. ನೆನೆದಾಗಲೂ ಪಾಲಿಯೆಸ್ಟರ್‌ನದೇ ಮೇಲುಗೈ. ಅದರ ನಾರು ನೀರನ್ನು ಹೀರಿಕೊಳ್ಳುವುದೇ ಇಲ್ಲವೆನ್ನಬಹುದು; ನೀರು ನಾರುಗಳ ನಡುವೆ ಮಾತ್ರ ನಿಲ್ಲುತ್ತದೆ, ಹಿಂಡಿ ಬಲವಾಗಿ ಕೊಡವಿದರೆ ಬಹುಪಾಲು ಹೋಗುತ್ತದೆ.

ಬೆಳ್ಳಿಬಣ್ಣದ ಹಾಳೆಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ, ಅಥವಾ ಅದರ ಹೆಸರಿನಲ್ಲಿ ಹೇಳುವ ಮಾತುಗಳ ಬಗ್ಗೆ ಇಲ್ಲ ಎನ್ನೋಣ. ತೆಳುವಾದ ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಆವಿಯ ಲೇಪ ಕೊಡುವ ಈ ತಂತ್ರ 1964ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಕೆಲಸದಿಂದ ಬಂದದ್ದು. ಮೈಯಿಂದ ಸೂಸುವ ಶಾಖದ ಬಹುಪಾಲನ್ನು ಅದು ಹಿಂದಕ್ಕೆ ಪ್ರತಿಫಲಿಸುತ್ತದೆ ಎಂಬುದು ನಿಜ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಶಾಖ ಹೋಗುವ ದಾರಿ ಅದೊಂದೇ. ಭೂಮಿಯ ಮೇಲೆ ಶಾಖ ಗಾಳಿಯಿಂದಲೂ ಹೋಗುತ್ತದೆ, ಮುಟ್ಟಿದ ವಸ್ತುವಿನಿಂದಲೂ ಹೋಗುತ್ತದೆ. ಹಾಳೆ ಚರ್ಮಕ್ಕೋ ನೆಲಕ್ಕೋ ತಾಗಿದಲ್ಲಿ ಅದರ ಪ್ರತಿಫಲನಕ್ಕೆ ಬೆಲೆಯಿಲ್ಲ. ನೆಲಕ್ಕೆ ಹಾಸಿದರೆ ತೇವ ಮೇಲೆ ಬರದಂತೆ ತಡೆಯುತ್ತದೆ, ಚಳಿಯನ್ನು ತಡೆಯುವುದಿಲ್ಲ. ಮೈಗೆ ಸುತ್ತಿದರೆ ಗಾಳಿ ನಿಲ್ಲುತ್ತದೆ, ಒಳಗೆ ಬೆವರು ನಿಲ್ಲುತ್ತದೆ, ಅಲುಗಾಡಿದಾಗಲೆಲ್ಲ ಚರಚರ ಸದ್ದು, ಒಂದು ಮುಳ್ಳು ತಾಗಿದರೆ ಉದ್ದಕ್ಕೆ ಸೀಳು. ಚೀಲದ ಮೂಲೆಯಲ್ಲಿ ಒಂದಿರಲಿ, ಗಾಯಾಳುವನ್ನು ಗಾಳಿಯಿಂದ ಕಾಪಾಡಲು ಅದು ಬೇಕು. ಆಕಾಶದ ಕಡೆಯ ನಷ್ಟ ತಡೆಯಲು ನಿಮ್ಮ ಸೂರಿನ ಒಳಗೆ ಕಟ್ಟಬಹುದು. ಹೊದಿಕೆಯ ಬದಲಿಗೆ ಅದನ್ನು ತಂದವರ ಬೆಳಗಿನ ಮುಖ ನೋಡಬೇಕು.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಇಷ್ಟು ಮುಖ್ಯ. ಏರಿ ಬಂದ ಬೆವರಿನ ಬಟ್ಟೆಯಲ್ಲಿ ಮಲಗಬೇಡಿ, ಅದರಲ್ಲೂ ಹತ್ತಿ ಬಟ್ಟೆಯಲ್ಲಿ. ಹತ್ತಿ ಬೆವರನ್ನು ಹಿಡಿದಿಟ್ಟುಕೊಂಡು ರಾತ್ರಿಯಿಡೀ ನಿಮ್ಮ ಶಾಖದಲ್ಲೇ ಅದನ್ನು ಒಣಗಿಸುತ್ತ ಕೂರುತ್ತದೆ. ಮಲಗಲೆಂದೇ ಒಂದು ಜೊತೆ ಒಣ ಬಟ್ಟೆ, ಒಣ ಕಾಲುಚೀಲ ಎತ್ತಿಡಿ. ಹೊದಿಕೆಯೊಳಗೆ ಬಟ್ಟೆ ತೊಟ್ಟರೆ ಚಳಿ ಹೆಚ್ಚಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ, ಅದು ಸುಳ್ಳು. ಒಣ ಬಟ್ಟೆಯ ಪ್ರತಿ ಪದರವೂ ಲಾಭವೇ, ಕೈಕಾಲಿನ ರಕ್ತ ಓಡಾಟಕ್ಕೆ ಅಡ್ಡಿಯಾಗುವಷ್ಟು ಬಿಗಿಯಿರಬಾರದು ಅಷ್ಟೆ. ಟೋಪಿ ಹಾಕಿಕೊಳ್ಳಿ. ದೇಹದ ಅರ್ಧದಷ್ಟು ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಹಳೆಯ ಮಾತನ್ನು ನಂಬಿ ಅಲ್ಲ. ವಯಸ್ಕರ ತಲೆ ಮೈಯ ಹೊರಮೈಯ ಹತ್ತನೇ ಒಂದು ಭಾಗದಷ್ಟಿದೆ, ನಷ್ಟವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಆದರೆ ಉಳಿದ ಮೈಯೆಲ್ಲ ಹೊದ್ದು ತಲೆಯೊಂದನ್ನೇ ತೆರೆದಿಟ್ಟರೆ ತೂತು ಅದೊಂದೇ ಆಗುತ್ತದೆ.

ಹೊದೆಯುವ ಕ್ರಮ ಹೀಗಿರಲಿ. ಚಾಪೆಯ ಮೇಲೆ ಮಲಗಿ, ಹೊದಿಕೆಯನ್ನು ಉದ್ದಕ್ಕೆ ಮೇಲೆ ಹರಡಿ, ಕಾಲಿನ ಕಡೆಯ ಒಂದು ಗೇಣಿನಷ್ಟು ಭಾಗವನ್ನು ಪಾದದ ಕೆಳಗೆ ಮಡಚಿ, ಆ ಕಡೆಯ ಮೂಲೆಯ ದಾರಗಳೆರಡನ್ನೂ ಒಂದಕ್ಕೊಂದು ಕಟ್ಟಿ. ಪಾದಕ್ಕೆ ಸಣ್ಣ ಚೀಲವಾಗುತ್ತದೆ, ನಿದ್ದೆಯಲ್ಲಿ ಒದ್ದರೂ ಸರಿಯುವುದಿಲ್ಲ. ಎರಡು ಬದಿಗಳನ್ನೂ ಮೈಗೂ ಚಾಪೆಗೂ ನಡುವೆ ಸಿಕ್ಕಿಸಿ. ಎತ್ತರ ಹೆಚ್ಚಿರುವವರಿಗೆ ಉದ್ದ ಸಾಲದು, ಅವರು ಮೊಣಕಾಲು ಸ್ವಲ್ಪ ಮಡಚಿ ಮಗ್ಗುಲಾಗಿ ಮಲಗುವುದೇ ಸರಿ. ಜಾಕೆಟ್ ಸಡಿಲವಾಗಿದ್ದರೆ ತೊಡಿ, ಬಿಗಿಯಾಗಿದ್ದರೆ ಹೊದಿಕೆಯ ಮೇಲೆ ಎದೆಯ ಭಾಗಕ್ಕೆ ಹಾಸಿಕೊಳ್ಳಿ. ಮಲಗದೆ ಕುಳಿತಿರುವಾಗ ಹೊದಿಕೆಯನ್ನು ಹೆಗಲಿಗೆ ಸುತ್ತಿ ಅದರ ಮೇಲೆ ಮಳೆಯಂಗಿ ತೊಡಬಹುದು. ಇಷ್ಟು ಬೆಚ್ಚಗಿನ ಕೋಟು ಈ ತೂಕದಲ್ಲಿ ಸಿಗುವುದು ಕಷ್ಟ.

ತಣ್ಣಗಾದ ಮೈಯಲ್ಲಿ ಹೊದಿಕೆಯೊಳಗೆ ಹೋದರೆ ಹೊದಿಕೆ ಆ ತಣ್ಪನ್ನೇ ಕಾಯುತ್ತದೆ. ಮಲಗುವ ಮುನ್ನ ಬೆವರು ಬಾರದಷ್ಟು ನಾಲ್ಕು ಬೈಠಕ್ ಹೊಡೆಯಿರಿ, ಸ್ವಲ್ಪ ಜಿಡ್ಡಿನ ಅಂಶವಿರುವ ಆಹಾರ ತಿನ್ನಿ. ಅದು ನಿಧಾನವಾಗಿ ಜೀರ್ಣವಾಗುತ್ತ ಶಾಖ ಕೊಡುತ್ತದೆ. ಬಿಸಿನೀರಿನ ಬಾಟಲಿಯದು ಬರಿ ಸಮಾಧಾನವಲ್ಲ, ಲೆಕ್ಕ ಹಾಕಿ ನೋಡಿ. 80 ಡಿಗ್ರಿಯ ಒಂದು ಲೀಟರ್ ನೀರು 35ಕ್ಕೆ ಇಳಿಯುವಾಗ ಸುಮಾರು 188 ಕಿಲೋಜೂಲ್ ಶಾಖ ಬಿಡುತ್ತದೆ. ನಿದ್ದೆಯಲ್ಲಿರುವ ದೇಹ ಅಷ್ಟು ಶಾಖ ಹುಟ್ಟಿಸಲು 40 ನಿಮಿಷ ಬೇಕು. ಸೋರದ, ಬಿಸಿ ತಾಳುವ ಬಾಟಲಿಯನ್ನು ಕಾಲುಚೀಲದೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಳ್ಳಿ, ಬರಿ ಚರ್ಮಕ್ಕೆ ತಾಗಿಸಿದರೆ ಸುಡುತ್ತದೆ. ರಾತ್ರಿ ಮೂತ್ರಕ್ಕೆ ಏಳದೆ ತಡೆದುಕೊಂಡರೆ ಅದನ್ನು ಬಿಸಿಯಿಡಲು ದೇಹದ ಶಕ್ತಿ ಖರ್ಚಾಗುತ್ತದೆ ಎನ್ನುತ್ತಾರೆ, ಅದರಲ್ಲಿ ಹುರುಳಿಲ್ಲ. ಅದು ಈಗಾಗಲೇ ಮೈಯಷ್ಟೇ ಬಿಸಿಯಿದೆ. ಆದರೂ ಎದ್ದು ಹೋಗಿ ಬನ್ನಿ, ತಡೆದುಕೊಂಡವರಿಗೆ ನಿದ್ದೆ ಬರುವುದಿಲ್ಲ. ಮದ್ಯ ಮಾತ್ರ ಬೇಡವೇ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗಾದಂತೆ ಅನ್ನಿಸುವುದು ಒಳಗಿನ ಶಾಖ ಹೊರಗೆ ಹೋಗುತ್ತಿರುವುದರಿಂದ.

ಎಷ್ಟು ಚಳಿಯವರೆಗೆ ನಂಬಬಹುದು ಎಂದು ಕೇಳಿದ್ದೀರಿ. ಇದಕ್ಕೆ ಕಂಪನಿ ಬರೆದ ಅಂಕಿಯನ್ನು ಪಕ್ಕಕ್ಕಿಡಿ. ಒಬ್ಬರ ಮೈ ಇನ್ನೊಬ್ಬರಂತಿಲ್ಲ, ದಣಿದ ರಾತ್ರಿಯೂ ಉಂಡು ಮಲಗಿದ ರಾತ್ರಿಯೂ ಒಂದೇ ಅಲ್ಲ. ನನ್ನ ಅಂದಾಜು ಹೀಗಿದೆ. ಒಳ್ಳೆಯ ಚಾಪೆಯ ಮೇಲೆ, ಮಾಮೂಲಿ ಬಟ್ಟೆಯಲ್ಲಿ, ಗಾಳಿಯಿಲ್ಲದಿದ್ದರೆ 15 ಡಿಗ್ರಿಯವರೆಗೆ ಹೆಚ್ಚಿನವರು ನೆಮ್ಮದಿಯಾಗಿ ಮಲಗಬಹುದು. ಸೂರು, ಬೆಚ್ಚನೆಯ ಒಳಉಡುಪು, ಜಾಕೆಟ್, ಟೋಪಿ ಸೇರಿದರೆ 10ರ ಆಸುಪಾಸು. ಅದಕ್ಕಿಂತ ಕೆಳಗೆ ಇಂಥದ್ದೇ ಎರಡು ಹೊದಿಕೆ ಬೇಕು, ಇಲ್ಲವೇ ಸ್ಲೀಪಿಂಗ್ ಬ್ಯಾಗ್‌ನೊಳಗೆ ಇದನ್ನು ಹೆಚ್ಚುವರಿ ಪದರವಾಗಿ ಬಳಸಬೇಕು. 5ಕ್ಕಿಂತ ಕೆಳಗೆ ಇದೊಂದನ್ನೇ ನಂಬಿ ಹೊರಡುವವರನ್ನು ನಾನು ತಡೆಯುತ್ತೇನೆ. ನೀವು ಮಲಗಿದ 11 ಡಿಗ್ರಿಯ ರಾತ್ರಿ ಇದರ ಶಕ್ತಿಯ ಗಡಿಯಲ್ಲೇ ಇತ್ತು. ಚಾಪೆ ಮತ್ತು ಸೂರು ಇದ್ದಿದ್ದರೆ ಗಡಿಯ ಒಳಗಿರುತ್ತಿತ್ತು.

ಗಡಿ ದಾಟಿದಾಗ ಗುರುತಿಸುವುದೂ ತಿಳಿದಿರಬೇಕು. ನಡುಕ ಎಂದರೆ ದೇಹ ಇನ್ನೂ ಹೋರಾಡುತ್ತಿದೆ. ಸ್ನಾಯುಗಳು ಹಾಗೆ ಶಾಖದ ಉತ್ಪತ್ತಿಯನ್ನು ಹಲವು ಪಟ್ಟು ಏರಿಸುತ್ತವೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಇಳಿದರೆ ಅದನ್ನು ವೈದ್ಯರು ಹೈಪೊಥರ್ಮಿಯಾ ಎನ್ನುತ್ತಾರೆ. ಮಾತು ತೊದಲುವುದು, ಬೆರಳು ಗುಂಡಿ ಹಾಕಲಾರದಂತಾಗುವುದು, ಹೆಜ್ಜೆ ತಪ್ಪುವುದು, ಯಾವುದಕ್ಕೂ ಆಸಕ್ತಿಯಿಲ್ಲದಂತೆ ಕೂರುವುದು ಅದರ ಲಕ್ಷಣಗಳು. ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ಅದು ಸಮಾಧಾನದ ಸುದ್ದಿಯಲ್ಲ, ತುರ್ತಿನ ಸುದ್ದಿ. ಒದ್ದೆ ಬಟ್ಟೆ ತೆಗೆದು ಒಣಗಿದ್ದು ತೊಡಿಸಿ, ನೆಲದಿಂದ ಬೇರ್ಪಡಿಸಿ, ಇರುವ ಹೊದಿಕೆಯನ್ನೆಲ್ಲ ಸುತ್ತಿ, ಮೇಲೆ ಗಾಳಿ ತಡೆಯುವ ಪದರ ಹಾಕಿ, ಎದೆ ಮತ್ತು ಕಂಕುಳಿಗೆ ಬಟ್ಟೆಯ ಮೇಲಿನಿಂದ ಕಾವು ಕೊಡಿ. ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ. ಕೈಕಾಲು ತಿಕ್ಕಬೇಡಿ, ಒರಟಾಗಿ ಎತ್ತಾಡಬೇಡಿ, ತಣ್ಣಗಾದ ಹೃದಯದ ಬಡಿತ ಅಷ್ಟಕ್ಕೇ ತಾಳ ತಪ್ಪಬಹುದು. ವೈದ್ಯಕೀಯ ನೆರವು ಕರೆಸಿ. ಡೇರೆಯೊಳಗೆ ಇದ್ದಿಲಿನ ಕೆಂಡವನ್ನೋ ಸ್ಟೌವನ್ನೋ ಇಟ್ಟು ಬೆಚ್ಚಗಾಗುವ ಯೋಚನೆ ಯಾರಿಗೂ ಬಾರದಿರಲಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ.

ಆದ್ದರಿಂದ ಹೊಸ ಹೊದಿಕೆ ಕೊಳ್ಳಬೇಡಿ, ಒಂದು ಫೋಮ್ ಚಾಪೆ ಮತ್ತು ಪೊಂಚೊ ಅಥವಾ ಸಣ್ಣ ಟಾರ್ಪಾಲಿನ್ ಕೊಳ್ಳಿ. ಬೆಟ್ಟಕ್ಕೆ ಹೋಗುವ ಮುನ್ನ, ಬಾಗಿಲು ತೆರೆದರೆ ಒಳಗೆ ಓಡಿಬರಬಹುದಾದ ಜಾಗದಲ್ಲಿ ಒಂದು ರಾತ್ರಿ ಮಲಗಿ ನೋಡಿ. ಹೊದಿಕೆಯನ್ನು ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ಒಗೆಯಿರಿ, ಬ್ಲೀಚ್ ಬೇಡ, ಇಸ್ತ್ರಿಯಂತೂ ಕೂಡದು. ಪ್ರಯಾಣದಲ್ಲಿ ಅಮುಕಿ ತುಂಬಿದರೆ ತೊಂದರೆಯಿಲ್ಲ, ಮನೆಗೆ ಬಂದ ಮೇಲೆ ಮಾತ್ರ ಸಡಿಲವಾಗಿ ಮಡಚಿಡಿ. ತಿಂಗಳುಗಟ್ಟಲೆ ಅಮುಕಿದ್ದ ಪಾಲಿಯೆಸ್ಟರ್ ಮತ್ತೆ ಮೊದಲಿನಷ್ಟು ಉಬ್ಬುವುದಿಲ್ಲ. ಮೂಲೆಯ ದಾರಗಳಲ್ಲಿ ಯಾವುದಾದರೂ ಕಿತ್ತುಹೋಗಿದ್ದರೆ ಹೊರಡುವ ಮುನ್ನ ಗಟ್ಟಿಯಾದ ತೆಳು ಹಗ್ಗದ ತುಂಡನ್ನು ಹೊಲಿದುಕೊಳ್ಳಿ.